ನಾನಿದ್ದರೆ ಕೇಳುತ್ತದೆ, ಹೋದರೆ ಕೇಳುವುದಿಲ್ಲ

“ಮಾತು ಕೇಳಂಗಿಲ್ರಿ.”

ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರರ ಫೋನು ಬಂದಾಗ ನಾನು ಬಳ್ಳಾರಿಯ ನನ್ನ ಅಂಗಡಿಯಲ್ಲಿ ಒಂದು ಕೆಟ್ಟ ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಅವರ ಹೊಸ ಮನೆಯ ಪಡಸಾಲೆಗೆ ಹೋಮ್ ಥಿಯೇಟರ್ ಕೂಡಿಸಿ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ.

“ಹಾಡು ಬಂದ್ರ ಕಿಟಕಿ ಗಾಜು ಅಳ್ಳಾಡ್ತಾವ. ಫೈಟಿಂಗ್ ಬಂದ್ರ ಮನಿ ಅದುರತೈತಿ. ಮಾತು ಬಂತಂದ್ರ ಗಪ್ಪು. ರಿಮೋಟ್ ಕೈಯಾಗ ಹಿಡ್ಕಂಡು ಏರ್ಸದು, ಇಳ್ಸದು, ಇದ ಆಗೈತಿ ನಮಗ. ನಮ್ಮವ್ವ ಅಂತೂ ಮಧ್ಯಾಹ್ನ ಧಾರಾವಾಹಿ ನೋಡಾಕ ಕುಂತ್ರ ಒಂದು ಮಾತೂ ತಿಳಿಯವಲ್ದು ಅಂತಾಳ. ಬಂದು ನೋಡ್ರಿ.”

ನಮ್ಮ ಕಸುಬಿನಲ್ಲಿ ಈ ದೂರು ಹೊಸದಲ್ಲ. ಇಂಥ ಸೆಟ್ಟಿನಲ್ಲಿ ಐದು ಸ್ಪೀಕರುಗಳು, ಜೊತೆಗೆ ಗುಡುಗಿಗೆಂದೇ ಮೂಲೆಯಲ್ಲೊಂದು ದಪ್ಪ ಡಬ್ಬಿ. ಟೀವಿಯ ಎಡಬಲಕ್ಕೆ ನಿಲ್ಲುವ ಎರಡು ಎತ್ತರದ ಸ್ಪೀಕರುಗಳು ಹಾಡು ಹೇಳುತ್ತವೆ. ಬೆನ್ನ ಹಿಂದಿನ ಎರಡು ಚಿಕ್ಕವು ಮಳೆ, ಗಾಳಿ, ಚಪ್ಪಾಳೆ ನೋಡಿಕೊಳ್ಳುತ್ತವೆ. ಟೀವಿಯ ಕೆಳಗೆ ಅಡ್ಡಡ್ಡ ಮಲಗಿರುವ ಉದ್ದನೆಯ ಡಬ್ಬಿ, ಅದನ್ನು ಸೆಂಟರ್ ಅನ್ನುತ್ತೇವೆ, ಅದು ಮಾತಾಡುತ್ತದೆ. ಪಾತ್ರಗಳ ಮಾತೆಲ್ಲ ಬರುವುದು ಹೆಚ್ಚೂಕಡಿಮೆ ಅದೊಂದರಿಂದಲೇ. ಅದರ ಗಂಟಲು ಕಟ್ಟಿದರೆ ಉಳಿದ ನಾಲ್ಕೂ ಎಷ್ಟು ಕೂಗಿದರೂ ಮಾತು ಮುಳುಗುತ್ತದೆ. ಹಾಗಾಗಿ ರೋಗ ಎಲ್ಲಿದೆ ಎಂದು ನನಗೆ ಫೋನಿನಲ್ಲೇ ಗೊತ್ತಾಯಿತು. ಒಂದು ಗಂಟೆಯ ಕೆಲಸ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಫೋನ್ ಮಾಡಿ, ಹನ್ನೊಂದಕ್ಕೆ ಬರುತ್ತೇನೆ ಎಂದು ತಿಳಿಸಿ ಹೊರಟೆ. ಹೇಳದೆ ಕೇಳದೆ ಯಾರ ಮನೆಗೂ ಹೋಗಬಾರದು ಎಂಬುದು ನಾನು ಪಾಲಿಸಿಕೊಂಡು ಬಂದ ಶಿಸ್ತು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆ ಕನ್ನಡಿಯ ಹಾಗಿತ್ತು. ಹಿಂದೆಯೇ ಗಿರಣಿ, ಊರ ತುಂಬ ಹೊಟ್ಟಿನ ಧೂಳು, ಆದರೆ ಆ ಪಡಸಾಲೆಯ ಗ್ರಾನೈಟ್ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಟೀವಿ, ಸ್ಪೀಕರು, ಫ್ರಿಜ್ಜು ಎಲ್ಲ ಈಗಷ್ಟೇ ಅಂಗಡಿಯಿಂದ ಬಂದಂತೆ ಹೊಳೆಯುತ್ತಿದ್ದವು. ಮನೆಯ ಸೊಸೆ, ಸಾಹುಕಾರರ ಹೆಂಡತಿ, ಉಪ್ಪಿಟ್ಟು, ಚಹಾ ತಂದಿಟ್ಟರು. ಸಾಹುಕಾರರ ತಾಯಿ, ಎಪ್ಪತ್ತು ದಾಟಿದ ತೆಳ್ಳನೆಯ ಅಮ್ಮ, ತಮ್ಮ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ತಂತಿಗಳೆಲ್ಲ ಬಂದು ಸೇರುವ ರಿಸೀವರಿನಲ್ಲಿ ಪರೀಕ್ಷೆಯ ಸದ್ದು ಹಾಕಿದೆ. ಒಂದೊಂದೇ ಸ್ಪೀಕರಿನಿಂದ “ಶ್ಶ್…” ಎಂದು ಬರುತ್ತದೆ. ಅಮ್ಮ ಕೂರುವ ಜಾಗದಲ್ಲಿ ಸದ್ದಿನ ಮೀಟರು ಹಿಡಿದು ಅಳೆದೆ. ಐದೂ ಒಂದೇ ಮಟ್ಟದಲ್ಲಿದ್ದವು. ಸೆಂಟರಿನಲ್ಲಿ ಗಂಟಲು ಕಟ್ಟಿದ ಲಕ್ಷಣವೇ ಇರಲಿಲ್ಲ. ಆದರೂ ಇರಲಿ ಎಂದು ಅದರ ಮಟ್ಟವನ್ನು ಮೂರು ಡೆಸಿಬೆಲ್ ಏರಿಸಿ, ವಾರ್ತೆ ಹಚ್ಚಿದೆ.

“ಕೇಳತೈತೇನ್ರಿ ಅಮ್ಮಾರ?”

“ಚಲೋ ಕೇಳತೈತಪ್ಪಾ.”

ಬಿಲ್ಲು ಪುಸ್ತಕದ ಹಾಗಿರುವ ಸರ್ವೀಸ್ ಪುಸ್ತಕದಲ್ಲಿ ‘ಕಂಡುಬಂದ ದೋಷ’ ಎಂಬ ಕಾಲಮಿನ ಮುಂದೆ ‘ಸೆಂಟರ್ ಮಟ್ಟ ಕಡಿಮೆ, ಸರಿಪಡಿಸಿದೆ’ ಎಂದು ಬರೆದು, ಗುಲಾಬಿ ಪ್ರತಿಯನ್ನು ಹರಿದು ಮನೆಯವರಿಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬಂದೆ. ಎರಡು ದಿನ ಬಿಟ್ಟು ಮತ್ತೆ ಫೋನು.

“ಮಾತು ಕೇಳಂಗಿಲ್ರಿ. ಮೊದಲಿನಂಗ ಐತಿ.”

ಎರಡನೇ ಸಲ ಹೋದಾಗ ಸೆಟ್‌ಟಾಪ್ ಬಾಕ್ಸಿನ ಮೇಲೆ ಅನುಮಾನ ಇಟ್ಟುಕೊಂಡೇ ಹೋದೆ. ಅದು ಕಳಿಸುವ ಧ್ವನಿ ಒಂದೊಂದು ಚಾನೆಲ್ಲಿಗೆ ಒಂದೊಂದು ರೀತಿ ಇರುತ್ತದೆ. ಕೆಲವು ಐದೂ ದಾರಿಗೆ ಬಿಡಿಸಿ ಕಳಿಸುತ್ತವೆ, ಕೆಲವು ಎರಡೇ ದಾರಿಯಲ್ಲಿ ತುರುಕುತ್ತವೆ. ಎಲ್ಲವೂ ಎರಡೇ ದಾರಿಯಲ್ಲಿ ಬರುವಂತೆ ಮಾಡಿ, ಮಾತನ್ನು ಬೇರ್ಪಡಿಸಿ ಸೆಂಟರಿಗೆ ಕಳಿಸುವ ಕೆಲಸವನ್ನು ರಿಸೀವರಿಗೆ ಒಪ್ಪಿಸಿದೆ. ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಎತ್ತಿ ಹಿಡಿಯುವ ಒಂದು ಗುಂಡಿ ಇದೆ, ಅದನ್ನೂ ಒತ್ತಿದೆ. ಧಾರಾವಾಹಿ ಹಚ್ಚಿದರೆ ಅತ್ತೆ ಸೊಸೆ ಜಗಳ ಬೀದಿಗೆ ಕೇಳುವಷ್ಟು ಸ್ಪಷ್ಟ. ಅಮ್ಮ ತಲೆದೂಗಿದರು. ಗುಲಾಬಿ ಪ್ರತಿ ಹರಿದುಕೊಟ್ಟೆ. ಮೂರನೇ ದಿನ ಮತ್ತೆ ಫೋನು.

ಸಾಹುಕಾರರ ದನಿಯಲ್ಲಿ ಈಗ ಮೊದಲಿನ ಮರ್ಯಾದೆ ಸ್ವಲ್ಪ ಕಡಿಮೆಯಾಗಿತ್ತು. “ಏನ್ ಮಾಡ್ತೀರಿ ನೀವು ಬಂದು? ಉಪ್ಪಿಟ್ಟು ತಿಂದು ಹೋಗ್ತೀರೇನು?”

ಮೈಯೆಲ್ಲ ಉರಿಯಿತು. ಆದರೆ ಗಿರಾಕಿ. ಹಲ್ಲು ಕಚ್ಚಿಕೊಂಡು ಮೂರನೇ ಸಲ ಹೊರಟೆ. ಈ ಸಲ ಬೈಕಿನ ಹಿಂದೆ ಅಂಗಡಿಯ ಇನ್ನೊಂದು ಸೆಂಟರ್ ಸ್ಪೀಕರು, ಅಳತೆಯ ಮೈಕು, ಅದರ ಸ್ಟ್ಯಾಂಡು, ಒಂದು ಜಮಖಾನೆ. ಬಿಸಿಲು ಹೇಗಿತ್ತೆಂದರೆ ಹೆಲ್ಮೆಟ್ಟಿನ ಒಳಗೆ ತಲೆ ಬೇಯುತ್ತಿತ್ತು. ಬರಿಗಲ್ಲಿನ ನೆಲ ಮಾತನ್ನು ಒಡೆದು ಚೆಲ್ಲುತ್ತಿರಬಹುದು ಎಂದು ಜಮಖಾನೆ ಹಾಸಿದೆ. ಸ್ಪೀಕರಿನ ಮೂತಿ ಅಮ್ಮನ ಮೊಣಕಾಲಿನ ಕಡೆ ನೋಡುತ್ತಿತ್ತು, ಅದನ್ನು ಕಿವಿಯ ಕಡೆ ಎತ್ತಲು ಕೆಳಗೆ ಕಟ್ಟಿಗೆ ತುಂಡು ಕೊಟ್ಟೆ. ಮೈಕನ್ನು ಅಮ್ಮನ ಕುರ್ಚಿಯಲ್ಲಿ ನಿಲ್ಲಿಸಿ ಎಲ್ಲ ದೂರಗಳನ್ನೂ ಹೊಸದಾಗಿ ಅಳೆದೆ. ಕೊನೆಗೆ ಹಳೇ ಸ್ಪೀಕರು ಬಿಚ್ಚಿ ಅಂಗಡಿಯದನ್ನು ಹಾಕಿ ನೋಡಿದೆ. ಏನೂ ಫರಕಿಲ್ಲ. ಎರಡೂ ಗಿಣಿಯ ಹಾಗೆ ಮಾತಾಡಿದವು. ಹಳೆಯದನ್ನೇ ಮರಳಿ ಹಾಕಿದೆ.

ಸಾಮಾನು ಕಟ್ಟುವಾಗ ಅಮ್ಮ ಮೆಲ್ಲಗೆ ಅಂದರು, “ತಮ್ಮಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ಇದ್ದಾಗ ಕೇಳತೈತಿ. ನೀ ಹೋದ ಮ್ಯಾಲ ಕೇಳಂಗಿಲ್ಲ.”

“ಅಂದ್ರ ನಾನು ಇಲ್ಲೇ ಇರಬೇಕೇನ್ರಿ ಅಮ್ಮಾರ?”

“ಇರು. ಒಂದು ರೊಟ್ಟಿ ಹೆಚ್ಚಿಗಿ ಬಡಿತಾಳ ನಮ್ಮ ಸೊಸಿ.”

ಸೊಸೆ ನಕ್ಕರು, ಸಾಹುಕಾರರೂ ನಕ್ಕರು. ನನಗೆ ನಗು ಬರಲಿಲ್ಲ. ಸ್ಪೀಕರು ನನಗೆ ಹೆದರಿ ಮಾತಾಡುತ್ತದೆಯೇ? ನಾನು ಹೊಸ್ತಿಲು ದಾಟಿದ ಕೂಡಲೇ ಬಾಯಿ ಮುಚ್ಚುತ್ತದೆಯೇ? ಆ ಅಮ್ಮ ಮೊದಲ ದಿನದಿಂದ ಹೇಳುತ್ತಿದ್ದುದು ಇಷ್ಟೇ, “ಕೂಡಿಸಿದ ಮೊದಲ ವಾರ ಚಲೋ ಇತ್ತು” ಅಂತ. ಅದನ್ನೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗಿರಾಕಿಗಳು ಹಾಗೆಯೇ, ಮೊದಲ ವಾರ ಎಲ್ಲರಿಗೂ ಎಲ್ಲವೂ ಚಲೋ ಇರುತ್ತದೆ ಅಂದುಕೊಂಡೆ.

ನಾಲ್ಕನೇ ಸಲ ಫೋನು ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಎಂದಿನಂತೆ ಫೋನ್ ಮಾಡಿಯೇ ಹೋದೆ, ಎಂದಿನಂತೆ ಮನೆ ಹೊಳೆಯುತ್ತಿತ್ತು, ಎಂದಿನಂತೆ ಎಲ್ಲ ಸ್ಪೀಕರೂ ಸರಿಯಾಗಿದ್ದವು. ಒಂದೊಂದು ತಂತಿಯನ್ನೂ ಬಿಚ್ಚಿ ತುದಿ ಹೊಸದಾಗಿ ಕೆತ್ತಿ ಹಾಕಿದೆ. ಎರಡೂವರೆ ತಾಸು ನೆಲದ ಮೇಲೆ ತೆವಳಿದೆ. ದೋಷ ಅನ್ನುವುದೇ ಇಲ್ಲ. ಇಲ್ಲದ ದೋಷಕ್ಕೆ ನಾಲ್ಕು ಸಲ ಬಳ್ಳಾರಿಯಿಂದ ಬಂದು ಬೆವರು ಸುರಿಸಿದ್ದೇನೆ ಎಂಬುದಷ್ಟೇ ತಲೆಯಲ್ಲಿತ್ತು. ಸರ್ವೀಸ್ ಪುಸ್ತಕ ತೆಗೆದು ‘ಕಂಡುಬಂದ ದೋಷ’ದ ಮುಂದೆ ಒತ್ತಿ ಒತ್ತಿ ಬರೆದೆ: ‘ಸಿಸ್ಟಮ್ ಪೂರ್ತಿ ಸರಿ ಇದೆ. ಮನೆಯ ಹಿರಿಯರ ಕಿವಿ ತಪಾಸಣೆ ಮಾಡಿಸುವುದು.’

ಸಾಹುಕಾರರು ಗುಲಾಬಿ ಪ್ರತಿ ಓದಿದರು. ತಾಯಿಯ ಕಡೆ ಒಮ್ಮೆ ನೋಡಿದರು.

“ಏನ್ ಬರದಾನ?” ಅಮ್ಮ ಕೇಳಿದರು.

“ಏನಿಲ್ಲವ್ವಾ.”

ಅಮ್ಮ ಕೈ ಚಾಚಿದರು. ಕೊಡದೆ ವಿಧಿ ಇರಲಿಲ್ಲ. ಚಾಳೀಸು ಹಾಕಿಕೊಂಡು, ತುಟಿ ಆಡಿಸುತ್ತ ಒಂದೊಂದು ಅಕ್ಷರ ಓದಿದರು. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಸಂಚಿಯಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದರು. ಪ್ರತಿಸಲ ‘ಹೋಗಿ ಬಾರಪ್ಪಾ’ ಅನ್ನುತ್ತಿದ್ದವರು ಅಂದು ಅನ್ನಲಿಲ್ಲ. ನನಗೆ ನಿಜ ಹೇಳಬೇಕೆಂದರೆ ಹಾಯೆನಿಸಿತು. ಆಮೇಲೆ ಹನ್ನೆರಡು ದಿನ ಸಿರುಗುಪ್ಪದಿಂದ ಫೋನು ಬರಲಿಲ್ಲ. ಪೀಡೆ ಕಳೆಯಿತು ಅಂದುಕೊಂಡೆ.

ಹದಿಮೂರನೇ ದಿನ ಕುರುಗೋಡಿನಲ್ಲಿ ಕೆಲಸವಿತ್ತು. ಅದು ಆ ಅಮ್ಮನ ಮಗಳ ಮನೆ. ಅಣ್ಣನ ಮನೆಯ ಸೆಟ್ಟನ್ನು ಮೊದಲ ವಾರದಲ್ಲಿ ನೋಡಿ ಮೆಚ್ಚಿ, ತಮಗೂ ಒಂದು ಬೇಕೆಂದು ಆಗಲೇ ಹೇಳಿದ್ದರು. ನಾನು ಡ್ರಿಲ್ಲಿಂಗ್ ಮಷೀನು ಹೊರಗೆ ತೆಗೆಯುವಷ್ಟರಲ್ಲಿ ಆಕೆ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತರು.

“ಅದನ್ನ ಆಮ್ಯಾಲೆ ತಗೀರಿ. ನಮ್ಮವ್ವನ ಕಿವಿ ಹೋಗ್ಯಾವ ಅಂತ ಬರ್ದು ಕೊಟ್ಟೋರು ನೀವ ಏನ್ರಿ?”

ನಾನು ಏನೋ ಹೇಳಲು ಹೋದೆ. ಆಕೆ ಬಿಡಲಿಲ್ಲ.

“ಸೋಮವಾರ ಬಳ್ಳಾರಿಗಿ ಕರ್ಕಂಡು ಹೋಗಿ ಕಿವಿಗಿ ಮಷೀನು ಹಾಕಿಸ್ತಾನಂತ ನಮ್ಮಣ್ಣ. ಸದ್ದು ಏರ್ಸಿದ್ರ ತಮಗೆಲ್ಲ ತಿಳಿತೈತಿ, ಅವ್ವಗಷ್ಟ ತಿಳಿಯಂಗಿಲ್ಲ ಅಂತಾನ. ನಮ್ಮಣ್ಣನ ಹೆಂಡ್ತಿ ಒದರಿ ಒದರಿ ಮಾತಾಡ್ತಾಳ. ಬಂದ ಬೀಗ್ರ ಮುಂದ ‘ಅತ್ತೀಗಿ ಕೇಳ್ಸಂಗಿಲ್ರಿ’ ಅಂದಾಳ. ನಮ್ಮವ್ವ ಈಗ ನಾಕ ಮಂದ್ಯಾಗ ಬಂದು ಕುಂದ್ರಂಗಿಲ್ಲ. ‘ಕೇಳ್ಸದಿದ್ರೂ ಹ್ಞೂಂ ಹ್ಞೂಂ ಅನ್ನೋ ಮುದುಕಿ ಆದ್ನಲ್ಲವಾ’ ಅಂತ ನನ್ನ ಮುಂದ ಅತ್ಲು. ನನ್ನ ಮದ್ವ್ಯಾಗೂ ಅತ್ತಾಕಿ ಅಲ್ಲ ನಮ್ಮವ್ವ.”

ಆದರೂ ಬಾಯಿ ಸುಮ್ಮನಿರಲಿಲ್ಲ. “ವಯಸ್ಸಾದ ಮ್ಯಾಲೆ ಆಗತೈತ್ರಿ ಅಕ್ಕಾರ. ಮಷೀನು ಹಾಕಿದ್ರ ಏನ್ ತಪ್ಪು?”

“ಹೋಗಿದ್ರ ಹಾಕಿಸ್ಲಿ. ಹೋಗಿದ್ರ ತಾನೆ?”

ಆಕೆ ಅಲ್ಲೇ ತಾಯಿಗೆ ಫೋನು ಹಚ್ಚಿ, ದನಿ ಹೊರಗೆ ಕೇಳುವಂತೆ ಇಟ್ಟು, ದೇವರ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಮಾತಾಡಿದರು. ಊಟ ಆಯಿತಾ, ಗುಳಿಗೆ ತಗೊಂಡಿಯಾ, ಎಳ್ಳು ಚಟ್ನಿ ಮುಗಿಯಿತಾ ಎಂದು. ಅಮ್ಮ ಒಂದಕ್ಕೂ ‘ಏನಂದಿ’ ಅನ್ನಲಿಲ್ಲ. ನಡುವೆ ತಾವೇ ಮಾತು ತಡೆದು ಅಂದರು, “ಮೊದಲು ಒಳಗ ಹೋಗಿ ಕುಕ್ಕರ್ ಇಳುವು. ಆಗ್ಲೇ ನಾಕು ಸೀಟಿ ಹೊಡೀತು. ಬ್ಯಾಳಿ ಹತ್ತತಾವ.”

ಕುಕ್ಕರು ಎರಡು ಕೋಣೆ ಆಚೆ ಅಡುಗೆಮನೆಯಲ್ಲಿತ್ತು. ಅದೇ ಮನೆಯಲ್ಲಿ ನಿಂತ ನಾನು ಸೀಟಿ ಎಣಿಸಿರಲಿಲ್ಲ. ಸಿರುಗುಪ್ಪದಲ್ಲಿ ಕೂತ ಅಮ್ಮ ಫೋನಿನಲ್ಲಿ ಎಣಿಸಿದ್ದರು.

ಮಗಳು ಫೋನಿಟ್ಟು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಲ್ಲೇ ಕಟ್ಟೆಯ ಮೇಲೆ ಕೂತು ಮೊದಲ ಸಲ ತಣ್ಣಗೆ ಯೋಚನೆ ಮಾಡಿದೆ. ಕಿವಿ ಸರಿ ಇದೆ. ಸ್ಪೀಕರು ಸರಿ ಇದೆ. ನಾನಿದ್ದಾಗ ಕೇಳುತ್ತದೆ, ಹೋದಮೇಲೆ ಕೇಳುವುದಿಲ್ಲ. ಆ ಮಾತನ್ನು ನಾನು ಮುದುಕಿಯ ಮಾತೆಂದು ತಳ್ಳಿಹಾಕಿದ್ದೆ. ಅದು ನಿಜವೇ ಆಗಿದ್ದರೆ? ನಾನಿಲ್ಲದಾಗ ಆ ಪಡಸಾಲೆ ಹೇಗಿರುತ್ತದೆಂದು ನಾನು ಒಂದು ದಿನವೂ ನೋಡಿಲ್ಲ. ನಾಲ್ಕು ಸಲವೂ ನಾನು ನೋಡಿದ್ದು, ನಾನು ಬರುತ್ತೇನೆಂದು ಗೊತ್ತಿದ್ದ ಪಡಸಾಲೆಯನ್ನು.

“ಅಕ್ಕಾರ, ನಿಮ್ಮ ಕೆಲಸ ನಾಳಿಗಿ ಮಾಡ್ತೀನಿ. ಸಿರುಗುಪ್ಪಕ್ಕ ಹೋಗಿ ಬರ್ತೀನಿ.”

“ಫೋನ್ ಮಾಡ್ಲೇನು ಅಣ್ಣಗ?”

“ಮಾಡಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ.”

ಇಷ್ಟು ವರ್ಷದ ನನ್ನ ಶಿಸ್ತನ್ನು ಮುರಿದು, ಹೇಳದೆ ಕೇಳದೆ ಒಂದು ಮನೆಯ ಕಡೆ ಬೈಕು ತಿರುಗಿಸಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಬಿಸಿಲಿಗೂ ನಾಲ್ಕು ಬೈಗುಳ ಕೊಟ್ಟೆ.

ಧಾರಾವಾಹಿಯ ಹೊತ್ತಿಗೆ ಸರಿಯಾಗಿ ತಲುಪಿದೆ. ಮುಂಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ನಿಂತವನು ಅಲ್ಲೇ ನಿಂತುಬಿಟ್ಟೆ.

ಅಮ್ಮನ ಕುರ್ಚಿ ಖಾಲಿ ಇತ್ತು. ಅಮ್ಮ ಟೀವಿಗೆ ಒಂದು ಮೊಳ ದೂರದಲ್ಲಿ, ಅಡುಗೆಮನೆಯ ಮಣೆ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು. ಸದ್ದು ಬಹಳ ಕಡಿಮೆ ಇಟ್ಟಿದ್ದರು, ತಾವು ನೋಡುತ್ತಿರುವುದು ಒಳಗಿನವರಿಗೆ ಗೊತ್ತಾಗಬಾರದೆಂದು. ಕತ್ತು ಚಾಚಿ ಆ ಪಾತ್ರಗಳ ತುಟಿಗಳನ್ನು ನೋಡುತ್ತಿದ್ದರು. ಮನೆಯೂ ಬೇರೆಯೇ ಆಗಿತ್ತು. ಫ್ರಿಜ್ಜಿನ ತಲೆಗೊಂದು ಹೊದಿಕೆ, ಮಿಕ್ಸಿಗೊಂದು ಕುಲಾವಿ, ಹೊಲಿಗೆ ಯಂತ್ರಕ್ಕೊಂದು ಅಂಗಿ. ಟೀವಿಯ ಕೆಳಗೆ ನನ್ನ ಸೆಂಟರ್ ಸ್ಪೀಕರು ಕಾಣಲೇ ಇಲ್ಲ. ಅದರ ಜಾಗದಲ್ಲಿ ಒಂದು ಪುಟ್ಟ ಕೌದಿ ಇತ್ತು. ಹಳೇ ಇಳಕಲ್ ಸೀರೆಯ ತುಂಡು, ಮಗುವಿನ ಅಂಗಿಯ ತುಂಡು, ಪದರದ ಮೇಲೆ ಪದರ ಇಟ್ಟು ಒತ್ತಾಗಿ ಹೊಲಿದ ಕೌದಿ. ಸ್ಪೀಕರಿನ ಅಳತೆಗೆ ಸರಿಯಾಗಿ ಹೊಲಿದು, ಮುಂದಿನ ಮೂತಿಯ ತನಕ ಇಳಿಬಿಟ್ಟಿದ್ದರು.

ಅಷ್ಟರಲ್ಲಿ ಸೊಸೆ ಅಡುಗೆಮನೆಯಿಂದ ಬಂದವರು ನನ್ನನ್ನು ಕಂಡು ಗಾಬರಿಯಾದರು. “ಅಯ್ಯ, ಒಂದು ಫೋನರ ಮಾಡಬಾರ್ದೇನ್ರಿ,” ಅನ್ನುತ್ತಲೇ ಓಡಿ ಹೋಗಿ, ಪರರ ಕಣ್ಣಿಗೆ ಬೀಳಬಾರದ್ದು ಬಿದ್ದಿತೆಂಬಂತೆ ಆ ಕೌದಿಯನ್ನು ಎಳೆದು ಬೆನ್ನ ಹಿಂದೆ ಅಡಗಿಸಿಕೊಂಡರು.

ಟೀವಿಯೊಳಗೆ ಒಬ್ಬ ಹುಡುಗಿ ತನ್ನ ತಂದೆಗೆ ಏನೋ ಹೇಳುತ್ತಿದ್ದಳು. ಅವಳ ಮಾತು ಥಟ್ಟನೆ ಪಡಸಾಲೆಗೆ ಬಂತು. ರಿಮೋಟನ್ನು ಯಾರೂ ಮುಟ್ಟಿರಲಿಲ್ಲ. ಅಮ್ಮ ಸೊಸೆಯ ಕಡೆ ತಿರುಗಿದರು, ಸೊಸೆ ನನ್ನ ಕಡೆ ತಿರುಗಿದರು. ಸ್ವಲ್ಪ ಹೊತ್ತು ಆ ಹುಡುಗಿಯೊಬ್ಬಳೇ ಮಾತಾಡಿದಳು.

“ಅದನ್ನ ಮತ್ತ ಹೊಚ್ರಿ,” ಅಂದೆ.

ಸೊಸೆ ಹೊದಿಸಿದರು. ಹುಡುಗಿಯ ಮಾತು ಅಡಗಿತು. ತೆಗೆದರು, ಬಂತು. ಹೊದಿಸಿದರು, ಹೋಯಿತು. ನನಗೆ ಅಲ್ಲೇ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ನಾಲ್ಕು ಸಲ ಬಂದು, ಮೈಕಿಟ್ಟು, ಮೀಟರಿಟ್ಟು, ಜಮಖಾನೆ ಹಾಸಿ, ತಂತಿ ಕೆತ್ತಿ ಹುಡುಕಿದ ದೋಷ ಇದು.

“ಎಷ್ಟು ದಿನ ಆತ್ರಿ ಇದನ್ನ ಹಾಕಾಕ ಹತ್ತಿ?”

“ನೀವು ಕೂಡಿಸಿ ಹೋಗಿ ವಾರ ಆಗಿತ್ತು,” ಸೊಸೆ ಅಂದರು. “ಗಿರಣಿ ಧೂಳು ನೋಡ್ರಿ ಇಲ್ಲಿ, ಎಲ್ಲಾದಕ್ಕೂ ಹೊಲ್ದು ಹಾಕ್ತಾರ ನಮ್ಮತ್ತಿ. ನೀವು ಬರ್ತೀರಿ ಅಂದಾಗ ನಾನು ಎಲ್ಲಾ ತೆಗೆದು ಒಳಗಿಡ್ತಿದ್ದೆ. ಬಂದೋರ ಮುಂದ ಹಳೇ ಸೀರಿ ಚಿಂದಿ ಯಾಕ ಅಂತ. ಮತ್ತ ಆ ಉದ್ದನೆ ಡಬ್ಬಿ ಸ್ಟೆಬಿಲೈಜರ್ ಅಲ್ಲೇನ್ರಿ? ಸದ್ದು ಬರೋದು ಈ ಎತ್ತರದ ಎರಡರಾಗ ಅಂತ ತಿಳ್ಕಂಡಿದ್ವಿ ನಾವು.”

ಅವರು ಹಾಗೆ ತಿಳಿದುಕೊಳ್ಳದೆ ಇನ್ನೇನು? ಕೂಡಿಸಿದ ದಿನ ನಾನು ಮಾಡಿದ್ದೇನು? ರಿಮೋಟಿನ ಗುಂಡಿಗಳನ್ನು ಪಟಪಟನೆ ಒತ್ತಿ ತೋರಿಸಿದೆ. ಗುಡುಗು ಸಿಡಿಲು ಕೇಳಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿದೆ. ಯಾವ ಡಬ್ಬಿ ಮಾತಾಡುತ್ತದೆಂದು ಮಾತ್ರ ಹೇಳಲಿಲ್ಲ. ಮಾತು ಯಾರು ಕೇಳುತ್ತಾರೆ ಎಂಬ ಉಡಾಫೆ ಇರಬೇಕು.

ಆಮೇಲೆ ಅಮ್ಮನ ಮುಖ ನೋಡಿದೆ. ಅವರು ಮಣೆಯಿಂದ ಎದ್ದು ನಿಂತಿದ್ದರು. ಕೌದಿಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು. “ನಾನ ಬಾಯಿ ಕಟ್ಟಿದ್ನಲ್ಲೋ ತಮ್ಮಾ ಇದರದು,” ಅಂದರು.

ಗಿರಣಿಯಿಂದ ಸಾಹುಕಾರರು ಬಂದರು. ಸೊಸೆ ನಗುತ್ತ ಎಲ್ಲ ಹೇಳಿದರು. ಸಾಹುಕಾರರಿಗೂ ನಗು ಬಂತು. ತುಟಿಯ ತನಕ ಬಂದ ಮಾತು ನನಗೆ ಕಾಣಿಸಿತು, ‘ಅವ್ವಾ, ಎಲ್ಲಾ ನಿನ್ನದ ಕಾರಭಾರ’ ಎಂಬ ಮಾತು. ಕಿವುಡಿ ಎಂಬುದು ಹೋಗಿ ಇನ್ನು ಬದುಕಿಡೀ ಬೀಗರ ಮುಂದೆ ಈ ಕೌದಿಯ ಕಥೆ. ಅದಕ್ಕೆ ನಾನೇ ಮುಂದಾದೆ.

“ಸಾಹುಕಾರ್ರ, ತಪ್ಪು ನಂದು. ಯಾವುದರಾಗ ಮಾತು ಬರ್ತಾವ ಅಂತ ಮೊದಲನೇ ದಿನ ಹೇಳಬೇಕಿತ್ತು, ಹೇಳ್ಲಿಲ್ಲ. ಅಮ್ಮಾರು ನಾನಿಲ್ದಾಗ ಕೇಳಂಗಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರು, ಅದನ್ನೂ ಕೇಳ್ಲಿಲ್ಲ. ಈ ಮನ್ಯಾಗ ಕಿವಿ ಕೇಳದಾಂವ ನಾನೊಬ್ಬನ. ಅಮ್ಮಾರ, ಹೊಟ್ಟಿಗಿ ಹಾಕ್ಕಳ್ರಿ.”

ಅಮ್ಮ ಸಂಚಿಯಿಂದ ನಾಲ್ಕು ಮಡಿಕೆಯ ಗುಲಾಬಿ ಚೀಟಿ ತೆಗೆದರು. ಹನ್ನೆರಡು ದಿನದಲ್ಲಿ ಅದರ ಮಡಿಕೆಗಳು ಸವೆದು ಬಟ್ಟೆಯ ಹಾಗಾಗಿದ್ದವು. ದಿನಾ ತೆಗೆದು ಓದಿದ್ದಾರೆಂದು ನೋಡಿದರೇ ಗೊತ್ತಾಗುತ್ತಿತ್ತು.

“ಇದು ಹೊಡಿ. ಬ್ಯಾರೆ ಬರಿ.”

ಹಳೇ ಸಾಲಿನ ಮೇಲೆ ಅಡ್ಡಗೆರೆ ಎಳೆದು, ‘ಕಂಡುಬಂದ ದೋಷ’ದ ಮುಂದೆ ಹೊಸದಾಗಿ ಬರೆದು ಸಹಿ ಹಾಕಿ ಕೊಡಲು ಹೋದೆ. ಅಮ್ಮ ತೆಗೆದುಕೊಳ್ಳಲಿಲ್ಲ. ತಮ್ಮ ಕುರ್ಚಿಗೆ ಹೋಗಿ ಕೂತು, ನನಗೆ ಬೆನ್ನು ಮಾಡಿಕೊಂಡರು.

“ಆ ಬಾಗಿಲದಾಗ ಹೋಗಿ ನಿಂದ್ರು. ನನ್ನ ಮಗಗ ಕೇಳ್ಸಬಾರ್ದು, ಅಷ್ಟು ಮೆಲ್ಲಕ ಓದು.”

ಮುಂಬಾಗಿಲ ಹತ್ತಿರ ಹೋಗಿ ನಿಂತೆ. ಸೊಸೆ ಟೀವಿ ಆರಿಸಿದರು. ಹಿಂದಿನ ಗಿರಣಿಯ ಸದ್ದು ಗೊರ್ರ್ ಎಂದು ಬರುತ್ತಲೇ ಇತ್ತು. ದನಿ ತುಟಿ ದಾಟಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಓದಿದೆ. ನನ್ನ ಪಕ್ಕದಲ್ಲೇ ನಿಂತಿದ್ದ ಸಾಹುಕಾರರು ‘ಏನಂದ್ರಿ’ ಎಂಬಂತೆ ನನ್ನ ಕಡೆ ಬಾಗಿದರು.

ಅಮ್ಮ ತಿರುಗದೆಯೇ, ಒಂದು ಅಕ್ಷರ ತಪ್ಪಿಸದೆ ಮಗನಿಗೆ ಹೇಳಿದರು, “ಅಮ್ಮನವರ ಕಿವಿ ಸರಿ ಇವೆ. ದೋಷ ಕೂಡಿಸಿದವನದು.”

ಸಾಹುಕಾರರು ಜೇಬಿನಿಂದ ಫೋನು ತೆಗೆದು, ಬಳ್ಳಾರಿಯ ಕಿವಿ ಡಾಕ್ಟರರಲ್ಲಿ ಹಚ್ಚಿಸಿದ್ದ ಸೋಮವಾರದ ಚೀಟಿ ಬೇಡವೆಂದು ಹೇಳಲು ಅಂಗಳಕ್ಕೆ ಇಳಿದರು.